ಐದು ಸುತ್ತು, ಎರಡು ಸಾಲು

ಆರು ವರ್ಷ ಒಂದೇ ಕಡೆ ಸಾಫ್ಟ್‌ವೇರ್ ಕೆಲಸ ಮಾಡಿದ ಮೇಲೆ ಕಂಪನಿ ಬದಲಿಸೋಣ ಅಂತ ಹೊರಟೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ಐದು ಸುತ್ತು ಸಂದರ್ಶನ, ಏಳು ವಾರ. ಕೊನೆಗೆ ಬಂದದ್ದು ಎರಡು ಸಾಲಿನ ಇಮೇಲ್. ಕೆಲಸ ಹುಡುಕುತ್ತಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ನನ್ನ ತಪ್ಪುಗಳನ್ನು ಬರೆದಿಡುತ್ತಿದ್ದೇನೆ.

1. ನಾನು ಮಾಡದ ಕೆಲಸ ರೆಸ್ಯೂಮೆಯಲ್ಲಿ ಇರಬಾರದು

'ಡೇಟಾಬೇಸ್ ವೇಗ ಹೆಚ್ಚಿಸಿದ್ದೇನೆ' ಎಂದು ಬರೆದಿದ್ದೆ. ನಿಜವಾಗಿ ಇಂಡೆಕ್ಸ್ ಹಾಕಿದ್ದು ಪಕ್ಕದ ಸೀಟಿನ ಗೆಳೆಯ. ಆನ್‌ಲೈನ್ ಪರೀಕ್ಷೆ ಮುಗಿದು ಎರಡನೇ ಸುತ್ತಿಗೆ ಹೋದರೆ ಸಂದರ್ಶಕರು ಆ ಸಾಲಿಗೇ ಬಂದರು. ಬೋರ್ಡಿನ ಮೇಲೆ ಒಂದು ಟೇಬಲ್ ಬರೆದು, "ಮೊದಲು ಊರು, ಆಮೇಲೆ ದಿನಾಂಕ, ಈ ಕ್ರಮದಲ್ಲಿ ಇಂಡೆಕ್ಸ್ ಇದೆ. ಬರೀ ದಿನಾಂಕ ಕೊಟ್ಟು ಹುಡುಕಿದರೆ ಯಾಕೆ ನಿಧಾನ ಆಗುತ್ತೆ?" ಅಂದರು. ನಿಘಂಟಿನಲ್ಲಿ ಮೊದಲ ಅಕ್ಷರ ಗೊತ್ತಿಲ್ಲದೆ ಎರಡನೆಯದನ್ನು ಹಿಡಿದು ಪದ ಹುಡುಕಿದ ಹಾಗೆ, ಹಾಳೆಯೆಲ್ಲ ತಿರುವಬೇಕಾಗುತ್ತದೆ. ಇದು ನನಗೆ ಹೊಳೆದದ್ದು ವಾಪಸು ಬರುವಾಗ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಸ್ ನಿಂತಾಗ. ಸಂದರ್ಶನದಲ್ಲಿ ಮಾತ್ರ ಮಾರ್ಕರ್ ಹಿಡಿದು ಕ್ಯಾಶ್, ಸರ್ವರ್, ಮೆಮೊರಿ ಎಂದು ಬಾಯಿಗೆ ಬಂದದ್ದೆಲ್ಲ ಹೇಳುತ್ತಾ ಹೋಗಿದ್ದೆ. ಅವರು ತಡೆಯಲಿಲ್ಲ, ಸುಮ್ಮನೆ ಕೇಳಿಸಿಕೊಂಡರು.

2. ಅಸೈನ್‌ಮೆಂಟ್ ಎಷ್ಟು ಸಾಕು ಎಂದು ಮೊದಲೇ ಕೇಳಬೇಕು

"ಮೂರು ಗಂಟೆ ಕೆಲಸ" ಅಂದಿದ್ದರು. ಶನಿವಾರ, ಭಾನುವಾರ ಎರಡೂ ಹೋದವು. ತಂಗಿ ಮಗಳ ನಾಮಕರಣ ತಪ್ಪಿಸಿಕೊಂಡೆ. ನಾಲ್ಕನೇ ಸುತ್ತಿನವರು ಅದನ್ನು ತೆಗೆದೇ ನೋಡಿರಲಿಲ್ಲ. ಹಳೇ ಪ್ರಶ್ನೆಗಳನ್ನೇ ಮತ್ತೆ ಕೇಳಿದರು. ಆ ಸಿಟ್ಟು ಈಗಲೂ ಇದೆ.

3. ಸಂಬಳದ ಮಾತು ಬಂದ ಮಾತ್ರಕ್ಕೆ ಕೆಲಸ ಸಿಕ್ಕಂತಲ್ಲ

ಎಚ್‌ಆರ್ ಮೂರು ತಿಂಗಳ ಸ್ಯಾಲರಿ ಸ್ಲಿಪ್ ತರಿಸಿಕೊಂಡರು. 90 ದಿನದ ನೋಟಿಸ್ ಪೀರಿಯಡ್ ಕಡಿಮೆ ಮಾಡಿಸಿಕೊಳ್ಳಬಹುದಾ ಎಂದರು. ನಾನು ಅಂದೇ ತಿಪಟೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ. ಬೇರೆ ಎರಡು ಕಂಪನಿಯವರು ಕರೆದಾಗ ಬೇಡ ಅಂದೆ. ಆಮೇಲೆ ಹತ್ತೊಂಬತ್ತು ದಿನ ಸುದ್ದಿಯೇ ಇಲ್ಲ. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದು ಮೇಲ್ ನೋಡುತ್ತಿದ್ದೆ. ಅಮ್ಮ ದಿನಾ "ಯಾವತ್ತಿಂದ ಹೋಗ್ಬೇಕು ಮಗ?" ಎಂದು ಕೇಳುತ್ತಿದ್ದಳು. ಆಫರ್ ಲೆಟರ್ ಕೈಗೆ ಬರುವವರೆಗೆ ಬೇರೆ ಕಡೆ ಹುಡುಕುವುದನ್ನು ಬಿಡಬಾರದು. ಮನೆಯಲ್ಲಿ ಹೇಳುವುದೂ ಆಮೇಲೆಯೇ.

4. ಬೇಡ ಅಂದವರನ್ನೂ ಕಾರಣ ಕೇಳಬಹುದು

ಬೇಡವೆಂಬ ಆ ಎರಡು ಸಾಲಿನ ಇಮೇಲ್ ಬಂದು ನಾಲ್ಕು ದಿನ ಬಿಟ್ಟು, ಎಲ್ಲಿ ತಪ್ಪಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ ಎಂದು ಎಚ್‌ಆರ್‌ಗೆ ಬರೆದೆ. ಉತ್ತರ ಬರಲಿಲ್ಲ. ಎರಡನೇ ಸುತ್ತಿನ ಸಂದರ್ಶಕರಿಗೂ ಬರೆದೆ. ಅವರು ಅಂದೇ ಸಂಜೆ ಫೋನ್ ಮಾಡಿದರು. ಮಾಡಲೇಬೇಕೆಂದು ಅವರಿಗೇನೂ ಇರಲಿಲ್ಲ. "ಇಂಡೆಕ್ಸ್ ಗೊತ್ತಿಲ್ಲದಿದ್ದರೆ ಪರವಾಗಿಲ್ಲ ಸರ್. ಗೊತ್ತಿಲ್ಲ ಅಂದಿದ್ರೆ ನಾನೇ ಸುಳಿವು ಕೊಡ್ತಿದ್ದೆ. ಮಧ್ಯೆ ಮಾತಾಡೋಕೆ ನೀವು ಜಾಗಾನೇ ಬಿಡಲಿಲ್ಲ" ಅಂದರು.

ಆ ರಾತ್ರಿ ರೆಸ್ಯೂಮೆ ತೆಗೆದು ಆ ಸಾಲು ತಿದ್ದಿದೆ: ವೇಗ ಹೆಚ್ಚಿಸಿದ ತಂಡದಲ್ಲಿದ್ದೆ.