ನರಗಳ ನುಡಿ

ನೋವನ್ನು ಹೇಳಿಕೊಳ್ಳುವ ಶಕ್ತಿ ದೊಡ್ಡವರಿಗುಂಟು. ‘ಕಾಲು ಜೋಮು ಹಿಡಿದಿದೆ’, ‘ಬೆರಳು ಆಡಿಸಲಾಗದು’ ಎಂದು ಅವರು ವೈದ್ಯರಿಗೆ ತಿಳಿಸಬಲ್ಲರು. ಹಸುಗೂಸಿಗೆ ಅಳುವೊಂದೇ ಭಾಷೆ. ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಕೊಟ್ಟು ಮಲಗಿಸಿದಾಗ ಆ ಭಾಷೆಯೂ ಅಡಗುತ್ತದೆ. ಅಂಥ ಮಗುವಿನ ನರಗಳು ಕ್ಷೇಮವಾಗಿವೆಯೆಂದು ತಿಳಿಯುವ ಬಗೆ ಹೇಗೆ?

ಬೆನ್ನುಮೂಳೆಯ ಒಳಗಿನ ಕೊಳವೆಯಲ್ಲಿ ಬೆನ್ನುಹುರಿಯಿದೆ. ಮೆದುಳಿನ ಆಜ್ಞೆಯನ್ನು ಕೈಕಾಲುಗಳಿಗೆ ಒಯ್ಯುವ, ಸ್ಪರ್ಶ ನೋವುಗಳ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಹಾದಿ ಇದೇ. ಇದರ ತುದಿಯಿಂದ ತೆಳುವಾದ ಎಳೆಯೊಂದು ಕೆಳಗಿಳಿಯುತ್ತದೆ. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಈ ಎಳೆ ದಪ್ಪವಾಗಿ, ಇಲ್ಲವೆ ಕೊಬ್ಬಿನ ಗಂಟಿನೊಡನೆ ಬೆಸೆದುಕೊಂಡು, ಹುರಿಯನ್ನು ಕೆಳಗೆ ಕಟ್ಟಿಹಾಕಿರುತ್ತದೆ. ಮಗು ಬೆಳೆದಂತೆ ಬೆನ್ನುಮೂಳೆ ಉದ್ದವಾಗುತ್ತದೆ. ಕಟ್ಟುಬಿದ್ದ ಹುರಿಯು ಜಗ್ಗಲ್ಪಡುತ್ತದೆ. ಕಾಲುಗಳು ಬಲಗುಂದಬಹುದು; ಮೂತ್ರದ ಮೇಲಣ ಹತೋಟಿ ತಪ್ಪಬಹುದು. ಆದುದರಿಂದ ಶಸ್ತ್ರವೈದ್ಯರು ಆ ಕಟ್ಟನ್ನು ಬಿಡಿಸುತ್ತಾರೆ. ಆದರೆ ಅದರ ಸುತ್ತಲೂ ನವಿರಾದ ನರಗಳು ಹೆಣೆದುಕೊಂಡಿವೆ. ಕಟ್ಟೆಂದು ಬಗೆದು ನರವನ್ನು ಕತ್ತರಿಸಿದರೆ ಮಗು ಜೀವನವಿಡೀ ಅದರ ಫಲವನ್ನು ಉಣ್ಣಬೇಕಾದೀತು.

1973ರಲ್ಲಿ ಫ್ರಾನ್ಸಿನ ಸ್ಟಾನ್ಯಾರ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಬೆನ್ನಿನ ಡೊಂಕನ್ನು ನೇರಗೊಳಿಸುವ ಶಸ್ತ್ರಚಿಕಿತ್ಸೆಯ ನಡುವೆ ರೋಗಿಯನ್ನು ಅರೆಯೆಚ್ಚರಗೊಳಿಸಿ, ‘ಪಾದಗಳನ್ನು ಆಡಿಸಿ’ ಎಂದು ಕೇಳುವುದೇ ಆ ಪರೀಕ್ಷೆ. ಮಾತೇ ತಿಳಿಯದ ಕೂಸನ್ನು ಎಬ್ಬಿಸಿ ಹೀಗೆ ಕೇಳುವುದುಂಟೆ?

ಅದಕ್ಕೆ ಬೇರೊಂದು ದಾರಿ ಬೇಕಾಯಿತು. ನರಗಳಲ್ಲಿ ಸುದ್ದಿ ಸಾಗುವುದು ವಿದ್ಯುತ್ತಿನ ರೂಪದಲ್ಲಿ. ಕಣಕಾಲಿನ ನರವನ್ನು ಅಲ್ಪ ವಿದ್ಯುತ್ತಿನಿಂದ ಕೆರಳಿಸಿ, ಅದರ ಉತ್ತರವನ್ನು ನೆತ್ತಿಯಲ್ಲಿ ದಾಖಲಿಸಬಹುದು. ಈ ಉತ್ತರ ಬಹಳ ಕ್ಷೀಣವಾದುದು. ಅದನ್ನು ವೋಲ್ಟಿನ ಹತ್ತು ಲಕ್ಷದ ಒಂದು ಭಾಗವಾದ ಮೈಕ್ರೋವೋಲ್ಟಿನಲ್ಲಿ ಅಳೆಯುತ್ತಾರೆ. ಆದರೆ ಇದು ಸ್ಪರ್ಶದ ಹಾದಿಯನ್ನಷ್ಟೇ ಪರೀಕ್ಷಿಸುತ್ತದೆ. ತಲೆಬುರುಡೆಯನ್ನು ತೆರೆಯದೆಯೇ ಮೆದುಳನ್ನು ಕೆರಳಿಸಿ ಸ್ನಾಯುಗಳನ್ನು ಆಡಿಸಬಹುದೆಂದು 1980ರಲ್ಲಿ ಇಂಗ್ಲೆಂಡಿನ ಮರ್ಟನ್ ಮತ್ತು ಮಾರ್ಟನ್ ತೋರಿಸಿದರು. ಇದರಿಂದ ಚಲನೆಯ ಹಾದಿಯ ಪರೀಕ್ಷೆಗೂ ಬಾಗಿಲು ತೆರೆಯಿತು.

ಶಿಶುಗಳಲ್ಲಿ ಈ ಕೆಲಸ ಸುಲಭವಲ್ಲ. ನರತಂತುಗಳನ್ನು ಸುತ್ತುವ ಮಯಲಿನ್ ಎಂಬ ಹೊದಿಕೆ ಅವರಲ್ಲಿ ಪೂರ್ಣವಾಗಿ ಬೆಳೆದಿರುವುದಿಲ್ಲ. ಸುದ್ದಿ ನಿಧಾನವಾಗಿ ಸಾಗುತ್ತದೆ. ಉಸಿರಿನೊಡನೆ ಕೊಡುವ ಅರಿವಳಿಕೆಯು ಉತ್ತರವನ್ನು ಇನ್ನಷ್ಟು ಕುಗ್ಗಿಸುತ್ತದೆ. ಆದುದರಿಂದ ಅರಿವಳಿಕೆ ತಜ್ಞರು ಸಾಮಾನ್ಯವಾಗಿ ರಕ್ತನಾಳದ ಮೂಲಕ ಕೊಡುವ ಔಷಧಿಯನ್ನು ಆರಿಸಿಕೊಳ್ಳುತ್ತಾರೆ.

ಶಸ್ತ್ರವೈದ್ಯರು ಕತ್ತರಿಸುವ ಮೊದಲು ಆ ಎಳೆಯನ್ನು ವಿದ್ಯುತ್ ಸಲಾಕೆಯಿಂದ ಮುಟ್ಟಿ ನೋಡುತ್ತಾರೆ. ಮಗುವಿನ ಕಾಲಿನ ಸ್ನಾಯು ಮಿಡಿದರೆ ಅಲ್ಲಿ ನರವುಂಟು. ಕತ್ತರಿ ಹಿಂದೆ ಸರಿಯಬೇಕು. ಮಾಪಕದ ಅಲೆ ಹಠಾತ್ತನೆ ತಗ್ಗಿದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ. ಶಸ್ತ್ರವೈದ್ಯರು ಕೈ ತಡೆದು ಜಗ್ಗನ್ನು ಸಡಿಲಿಸುತ್ತಾರೆ. ರಕ್ತದ ಒತ್ತಡವನ್ನೂ ತಂತಿಗಳ ಜೋಡಣೆಯನ್ನೂ ಪರೀಕ್ಷಿಸಲಾಗುತ್ತದೆ. ಯಂತ್ರವು ಅಪಾಯವನ್ನು ಸೂಚಿಸಬಲ್ಲುದು. ಅದನ್ನು ನಿವಾರಿಸುವವನು ಮನುಷ್ಯನೇ.

ಮಾತು ಬಾರದವರ ಮೊರೆಗೆ ಕಿವಿಗೊಡುವುದು ನಾಗರಿಕತೆಯ ಲಕ್ಷಣ. ವಿದ್ಯುತ್ತಿನ ಅಲೆಯೊಂದರಲ್ಲಿ ಕೂಸಿನ ಮುಂದಿನ ನಡಿಗೆಯನ್ನು ಕಾಣುವ ವಿಜ್ಞಾನ ಆ ಮಾತಿಗೆ ಒಳ್ಳೆಯ ನಿದರ್ಶನ.

ಅಭ್ಯಾಸ
1. ಎಚ್ಚರಗೊಳಿಸುವ ಪರೀಕ್ಷೆ ಶಿಶುಗಳಿಗೆ ಏಕೆ ಒಗ್ಗದು?
2. ಎಳೆಯನ್ನು ಕತ್ತರಿಸುವ ಮೊದಲು ಶಸ್ತ್ರವೈದ್ಯರು ಏನು ಮಾಡುತ್ತಾರೆ? ಏಕೆ?
3. ‘ಯಂತ್ರವು ಅಪಾಯವನ್ನು ಸೂಚಿಸಬಲ್ಲುದು, ಅದನ್ನು ನಿವಾರಿಸುವವನು ಮನುಷ್ಯನೇ.’ ಈ ಮಾತನ್ನು ವಿವರಿಸಿರಿ.