ಪರವಾನಗಿ ಅಂಗಡಿಗೆ, ಗಾಂಜಾಕ್ಕಲ್ಲ

ಹೈದರಾಬಾದಿನ ಅಮೀರ್‌ಪೇಟೆಯಲ್ಲೋ ಕಾಚಿಗುಡದಲ್ಲೋ ಮಳಿಗೆ ಹುಡುಕುವವರು ಮೊದಲು ಕೇಳುವ ಪ್ರಶ್ನೆಗಳು ಗೊತ್ತಿರುವವೇ: ಮುಂದಿನ ರಸ್ತೆ ಎಷ್ಟು ಅಡಿ, ಜಾಗ ವ್ಯಾಪಾರಕ್ಕೆ ಗುರುತಾಗಿದೆಯೇ, ಜಿಎಚ್‌ಎಂಸಿಯಿಂದ ಟ್ರೇಡ್ ಲೈಸೆನ್ಸ್ ಸಿಗುತ್ತದೆಯೇ. ಬಟ್ಟೆ ಅಂಗಡಿಗೂ ಟಿಫಿನ್ ಸೆಂಟರಿಗೂ ಇಷ್ಟು ಸಾಕು. ಈಚೆಗೆ ‘ವಿಜಯಾ’ ಹೆಸರಿನ, ಅಂದರೆ ಗಾಂಜಾ ಗಿಡದ, ಆಯುರ್ವೇದ ಎಣ್ಣೆ, ಮಾತ್ರೆ, ಅದೇ ಗಿಡದ ಹೆಂಪ್ ಬೀಜದ ಪೊಟ್ಟಣ ಮಾರಬೇಕೆಂದು ಹೊರಟವರೂ ಇದೇ ಪ್ರಶ್ನೆಗಳಿಂದ ಶುರು ಮಾಡುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿರುವ ಬಂಧುವೊಬ್ಬ ಅಲ್ಲಿ ಔಷಧಿ ಗಾಂಜಾದ ಅಂಗಡಿಯಿದೆ, ಶಾಲೆಯಿಂದ ಇಷ್ಟು ದೂರ ಇದ್ದರಾಯಿತು ಎಂದು ಹೇಳಿರುತ್ತಾನೆ. ಇಲ್ಲೂ ಹಾಗೆಯೇ ಇರಬಹುದೆಂಬ ಊಹೆ ಮೂಡುತ್ತದೆ. ಈ ಊಹೆಯನ್ನು ನಂಬಿ ಮಳಿಗೆಗೆ ಮುಂಗಡ ಕೊಡಬೇಡಿ.

ಅಲ್ಲಿಯ ಕ್ರಮವನ್ನು ಮೊದಲು ನೋಡೋಣ. ಕ್ಯಾಲಿಫೋರ್ನಿಯಾ 1996ರಲ್ಲಿ ಜನಮತದ ಮೂಲಕ ರೋಗಿಗಳಿಗೆ ಗಾಂಜಾ ಬಳಸಲು ಅವಕಾಶ ಕೊಟ್ಟಿತು. ಶಾಲೆಯಿಂದ 600 ಅಡಿ ದೂರ ಎಂಬ ಅಳತೆ ಅಲ್ಲಿ ಪ್ರಸಿದ್ಧ. ಆದರೆ ರಾಜ್ಯ ಒಪ್ಪಿದರೂ ಊರು ಬೇಡ ಎನ್ನಬಹುದು. ರಿವರ್‌ಸೈಡ್ ನಗರ ತನ್ನ ವಲಯ ನಿಯಮದಲ್ಲಿ ಇಂಥ ಅಂಗಡಿಗಳನ್ನು ಪೂರ್ತಿ ನಿಷೇಧಿಸಿದಾಗ, 2013ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ನಗರದ ಪರವಾಗಿಯೇ ತೀರ್ಪಿತ್ತಿತು. ಅಲ್ಲಿ ಜಗಳ ನಡೆಯುವುದು ಜಾಗದ ಬಗ್ಗೆ. ನಮ್ಮಲ್ಲಿ ಪದಾರ್ಥದ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು. ಅದು ಆಗುವವರೆಗೆ ಜಾಗದ ಮಾತಿಗೆ ಅರ್ಥವೇ ಇಲ್ಲ.

ನಮ್ಮ ದೇಶದ ಮೂಲ ಕಾನೂನು 1985ರ ಎನ್‌ಡಿಪಿಎಸ್ ಕಾಯ್ದೆ. ಗಾಂಜಾ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿಗಳನ್ನು ಅದು ಗಾಂಜಾ ಎನ್ನುತ್ತದೆ. ಗಿಡದಿಂದ ಬರುವ ಅಂಟನ್ನು ಚರಸ್ ಎನ್ನುತ್ತದೆ. ತುದಿಗಳು ಜತೆಯಲ್ಲಿಲ್ಲದ ಬರೀ ಎಲೆಯನ್ನೂ ಬೀಜವನ್ನೂ ಈ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಔಷಧ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಸರ್ಕಾರ ಅನುಮತಿ ಕೊಡಬಹುದೆಂದು ಕಾಯ್ದೆಯೇ ಹೇಳುತ್ತದೆ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು 14ನೇ ಕಲಂನಲ್ಲಿ ದಾರಿಯಿದೆ. ಆ ದಾರಿಯಲ್ಲಿ ಮೊದಲು ಹೆಜ್ಜೆ ಇಟ್ಟ ರಾಜ್ಯ ಉತ್ತರಾಖಂಡ, 2018ರಲ್ಲಿ. ತೆಲಂಗಾಣದಲ್ಲಂತೂ ಗಾಂಜಾ ಮಾರುವ ಚಿಲ್ಲರೆ ಅಂಗಡಿಗೆ ಪರವಾನಗಿ ಎಂಬುದೇ ಇಲ್ಲ, ಔಷಧಿ ಎಂದು ಫಲಕ ಹಾಕಿದರೂ ಇಲ್ಲ. ಪರವಾನಗಿಯೇ ಇಲ್ಲದ ವ್ಯಾಪಾರಕ್ಕೆ ಯಾವ ವಲಯದಲ್ಲಿ ಜಾಗ ಎಂದು ಪಟ್ಟಣ ಯೋಜನೆಯವರನ್ನು ಕೇಳಿ ಪ್ರಯೋಜನವಿಲ್ಲ.

ಶಿಕ್ಷೆ ತೂಕದ ಮೇಲೆ ನಿಂತಿದೆ. ಗಾಂಜಾ ಒಂದು ಕೆ.ಜಿ. ಒಳಗಿದ್ದರೆ ‘ಅಲ್ಪ ಪ್ರಮಾಣ’: ಒಂದು ವರ್ಷದವರೆಗೆ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆ.ಜಿ. ದಾಟಿದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ ಕಠಿಣ ಸೆರೆ. ದಂಡ ಒಂದರಿಂದ ಎರಡು ಲಕ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ. ಚರಸ್‌ಗೆ ಇದೇ ಗಡಿ 100 ಗ್ರಾಂ ಮತ್ತು ಒಂದು ಕೆ.ಜಿ.

ಎಲೆಯ ವಿಷಯಕ್ಕೆ ಬಂದರೆ ಕರ್ನಾಟಕ ಹೈಕೋರ್ಟಿನ ಒಂದು ಆದೇಶ ಎಲ್ಲರ ಬಾಯಲ್ಲೂ ಇದೆ. 2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು 29 ಕೆ.ಜಿ. ಭಂಗಿ ಮತ್ತು 400 ಗ್ರಾಂ ಗಾಂಜಾ ಸಿಕ್ಕಿತೆಂದು ಒಬ್ಬನನ್ನು ಬಂಧಿಸಿದ್ದರು. ಭಂಗಿಯನ್ನು ಎನ್‌ಡಿಪಿಎಸ್ ಕಾಯ್ದೆ ಎಲ್ಲೂ ನಿಷೇಧಿತ ಪದಾರ್ಥ ಎಂದಿಲ್ಲ ಎಂದು ಗಮನಿಸಿದ ಕರ್ನಾಟಕ ಹೈಕೋರ್ಟ್ ಆತನಿಗೆ ಜಾಮೀನು ಕೊಟ್ಟಿತು. ಹಾಗಾದರೆ ಭಂಗಿ ಮಾರಬಹುದಲ್ಲ ಎಂದು ಕೇಳುವವರಿದ್ದಾರೆ. ಮಾರುವಂತಿಲ್ಲ. ಅದು ಜಾಮೀನಿನ ಆದೇಶ, ವ್ಯಾಪಾರದ ಅನುಮತಿ ಅಲ್ಲ. ತೆಲಂಗಾಣದ ನ್ಯಾಯಾಲಯಗಳನ್ನು ಅದು ಕಟ್ಟಿಹಾಕುವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ತೆಲಂಗಾಣಕ್ಕೆ ಅನ್ವಯಿಸುವ 1968ರ ಅಬಕಾರಿ ಕಾಯ್ದೆಯ ‘ಮಾದಕ ಪದಾರ್ಥ’ದ ವ್ಯಾಖ್ಯೆಯೊಳಗೆ ಗಿಡದ ಎಲೆ, ಭಂಗಿ ಎಲ್ಲವೂ ಬರುತ್ತವೆ. ದೊಡ್ಡ ಕಾಯ್ದೆ ಬಿಟ್ಟುಕೊಟ್ಟದ್ದನ್ನು ಅಬಕಾರಿ ಕಾಯ್ದೆ ಹಿಡಿಯುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಸೊಪ್ಪು ತಂದು ಶಿವರಾತ್ರಿಗೆ ಠಂಡಾಯಿ ಮಾಡಿ ಮಾರುತ್ತೇವೆ ಎನ್ನುವವರು ಇದನ್ನು ಮೊದಲು ತಿಳಿದಿರಬೇಕು.

ಹಾಗಿದ್ದರೆ ಕಾನೂನಿನೊಳಗೆ ಏನು ಮಾರಬಹುದು? ಎರಡು ಬಗೆಯಿದೆ.

ಮೊದಲನೆಯದು ಆಯುರ್ವೇದದ ಔಷಧಿ. ಔಷಧ ನಿಯಮಗಳ ಷೆಡ್ಯೂಲ್ ಇ(1) ಎಂಬ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗಿಗೆ ಸ್ಥಾನವಿದೆ. ಎಲೆಯಿಂದ ತಯಾರಾದ ಔಷಧಿಗೆ ತಯಾರಕನು ರಾಜ್ಯದ ಆಯುಷ್ ಪರವಾನಗಿ ಪಡೆದಿರಬೇಕು. ಅದು ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯಾದರೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಲೇಬಲ್ ಮೇಲೆ ಇರಲೇಬೇಕು. ಬೆಂಗಳೂರಿನ ಕೋರಮಂಗಲದಲ್ಲಿ 2020ರ ಫೆಬ್ರುವರಿಯಲ್ಲಿ ತೆರೆದು ಸುದ್ದಿಯಾದ ‘ಕ್ಯಾನಬಿಸ್ ಕ್ಲಿನಿಕ್’ ಹೊರಟದ್ದು ಇದೇ ಆಯುರ್ವೇದದ ದಾರಿಯಲ್ಲಿ. ಎರಡನೆಯದು ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟು. ಇವನ್ನು ಆಹಾರವೆಂದು ಎಫ್‌ಎಸ್‌ಎಸ್‌ಎಐ 2021ರ ನವೆಂಬರಿನಲ್ಲಿ ಒಪ್ಪಿಕೊಂಡಿತು. ಅಮಲು ತರುವ ಟಿಎಚ್‌ಸಿ ಬೀಜದಲ್ಲಿ ಕೆ.ಜಿ.ಗೆ 5 ಮಿ.ಗ್ರಾಂ, ಎಣ್ಣೆಯಲ್ಲಿ 10 ಮಿ.ಗ್ರಾಂ ಮೀರಕೂಡದು. ಆಹಾರ ಎಂದು ಮಾರುವ ಪೊಟ್ಟಣದ ಮೇಲೆ ನಿದ್ದೆ ಬರುತ್ತದೆ, ನೋವು ಹೋಗುತ್ತದೆ ಎಂದು ಬರೆದರೆ ಬೇರೆಯೇ ತಕರಾರು ಏಳುತ್ತದೆ. ಕ್ಯಾನ್ಸರ್, ಮೂರ್ಛೆರೋಗ, ಮಧುಮೇಹ ವಾಸಿ ಮಾಡುತ್ತೇವೆಂಬ ಜಾಹೀರಾತನ್ನಂತೂ 1954ರ ಕಾಯ್ದೆಯೊಂದು ನೇರವಾಗಿ ನಿಷೇಧಿಸಿದೆ. ಫೇಸ್‌ಬುಕ್ ತುಂಬ ಅಂಥ ಜಾಹೀರಾತುಗಳೇ ಇವೆಯಲ್ಲ ಎಂದರೆ, ಹೌದು, ಇವೆ. ಅದು ಜಾರಿಯ ಸೋಲು, ನಿಮಗೆ ಸಿಕ್ಕ ರಿಯಾಯಿತಿ ಅಲ್ಲ.

ಈ ಎರಡು ಬಗೆಯ ವ್ಯಾಪಾರಕ್ಕೆ ಮಾತ್ರ ಜಾಗದ ನಿಯಮ ಬರುತ್ತದೆ, ಅದೂ ಬೇರೆ ಅಂಗಡಿಗಳಿಗಿರುವ ನಿಯಮವೇ. ಹೈದರಾಬಾದಿನ ಸುತ್ತಲಿನ ವಿಸ್ತಾರ ಪ್ರದೇಶಕ್ಕೆ ಎಚ್‌ಎಂಡಿಎಯ 2031ರ ಮಾಸ್ಟರ್ ಪ್ಲಾನ್ ಇದೆ. 2013ರ ಜನವರಿಯಲ್ಲಿ ಅಧಿಸೂಚನೆಯಾದದ್ದು. ನಗರದ ಹಳೆಯ ಭಾಗಕ್ಕೆ ಬೇರೆ ಯೋಜನೆಯಿದೆ. ಸರ್ವೆ ನಂಬರ್ ಕೊಟ್ಟು ಭೂಬಳಕೆಯ ದೃಢೀಕರಣ ಪಡೆದರೆ ಜಾಗ ವಸತಿಯೋ ವಾಣಿಜ್ಯವೋ ಕೃಷಿಯೋ ತಿಳಿಯುತ್ತದೆ. ಕಟ್ಟಡಕ್ಕೆ 2012ರ ಏಪ್ರಿಲ್ 7ರ ಸರ್ಕಾರಿ ಆದೇಶ 168ರ ನಿಯಮಗಳು ಅನ್ವಯಿಸುತ್ತವೆ. ರಸ್ತೆಯ ಅಗಲದ ಪ್ರಶ್ನೆ ಬರುವುದು ಅಲ್ಲಿಂದ. ಆಯುರ್ವೇದದ ಔಷಧಿ ಮಾರಲು ಅಲೋಪಥಿಯಂತೆ ಪ್ರತ್ಯೇಕ ಮಾರಾಟ ಪರವಾನಗಿ ಬೇಕಿಲ್ಲ. ಆದರೆ ವೈದ್ಯರನ್ನು ಕೂರಿಸಿದಿರೋ, ಅದು ಕ್ಲಿನಿಕ್ ಆಗುತ್ತದೆ. ಜಿಲ್ಲಾ ವೈದ್ಯಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಬೇಕು. ಹೆಂಪ್ ಬೀಜ ಇಟ್ಟರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಟ್ರೇಡ್ ಲೈಸೆನ್ಸ್ ಇವೆಲ್ಲದರ ಜತೆಗೆ ಬೇಕಾದದ್ದು. ಅದು ಮಳಿಗೆಯ ವಿಸ್ತೀರ್ಣ, ರಸ್ತೆ, ನೈರ್ಮಲ್ಯ ನೋಡಿ ಕೊಡುವ ಕಾಗದ. ಗೋಡೆಗೆ ಅದನ್ನು ತೂಗುಹಾಕಿದ ಮಾತ್ರಕ್ಕೆ ಕಪಾಟಿನಲ್ಲಿರುವ ಸರಕು ಕಾನೂನುಬದ್ಧವಾಗುವುದಿಲ್ಲ.

ನೋವಿನ ಔಷಧಿಯ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ಗಾಂಜಾದ ಎಣ್ಣೆ ಹುಡುಕಿಕೊಂಡು ಬರುವವರಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರು ಇದ್ದಾರೆ. ಅವರಿಗೆ ಬೇಕಾದದ್ದು ನೋವು ಕಡಿಮೆಯಾಗುವುದು. ಅದಕ್ಕೆ ಕಾನೂನಿನಲ್ಲಿ ನೇರ ದಾರಿಯೇ ಇದೆ. 2014ರ ತಿದ್ದುಪಡಿ ಮಾರ್ಫಿನ್, ಫೆಂಟಾನಿಲ್, ಮೆಥಡೋನ್ ಮುಂತಾದವನ್ನು ‘ಅಗತ್ಯ ಮಾದಕ ಔಷಧಿ’ ಎಂದು ಬೇರೆ ಮಾಡಿತು. ಔಷಧ ನಿಯಂತ್ರಕರು ಮಾನ್ಯ ಮಾಡಿದ ಆಸ್ಪತ್ರೆಗಳು ಹಿಂದಿನಂತೆ ಹಲವು ಇಲಾಖೆಗಳಿಗೆ ಅಲೆಯದೆ ಅವನ್ನು ಇಟ್ಟು ಕೊಡಬಹುದು. ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ್ದು, ಅಲ್ಲಿ ಉಪಶಾಮಕ ಚಿಕಿತ್ಸಾ ವಿಭಾಗವಿದೆ. ವೈದ್ಯರ ಚೀಟಿಯಿರುವ ಮಾರ್ಫಿನ್ ಮಾತ್ರೆಯನ್ನು ಮನೆಗೆ ಒಯ್ಯಲು ಹೆದರಬೇಕಿಲ್ಲ; ಚೀಟಿಯನ್ನು ಮಾತ್ರೆಯ ಜತೆಯಲ್ಲೇ ಇಡಿ. ಅಪ್ಪನ ನೋವಿಗೆಂದು ಯಾರೋ ಕೊಟ್ಟ ವಾಟ್ಸಪ್ ನಂಬರಿನಿಂದ ಹೆಸರಿಲ್ಲದ ಕರಿ ಎಣ್ಣೆ ತರಿಸುವುದಕ್ಕಿಂತ ಇದು ಅಗ್ಗ ಮತ್ತು ಸುರಕ್ಷಿತ.

ಮನೆ, ಮಳಿಗೆ ಬಾಡಿಗೆಗೆ ಕೊಟ್ಟವರಿಗೆ ಕಾಯ್ದೆಯ 25ನೇ ಕಲಂ ಗೊತ್ತಿರಬೇಕು. ತನ್ನ ಮನೆ, ಕೋಣೆ, ಗೋದಾಮು, ವಾಹನವನ್ನು ಇಂಥ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವನಿಗೆ ಆ ಅಪರಾಧಕ್ಕಿರುವ ಶಿಕ್ಷೆಯೇ. ‘ಗೊತ್ತಿದ್ದೂ’ ಎಂಬ ಮಾತಿನಲ್ಲೇ ಮಾಲೀಕನ ರಕ್ಷಣೆಯೂ ಇದೆ. ಅದಕ್ಕೇ ಕಾಗದ ಮಾಡಿಟ್ಟುಕೊಳ್ಳಬೇಕು. ಹನ್ನೊಂದು ತಿಂಗಳ ಕರಾರಿನಲ್ಲಿ ಮಳಿಗೆಯ ಉದ್ದೇಶವನ್ನು ‘ವ್ಯಾಪಾರ’ ಎಂದಷ್ಟೇ ಬರೆಯದೆ ಸರಕಿನ ಹೆಸರು ಹಾಕಿಸಿ. ಬಾಡಿಗೆದಾರನ ಗುರುತಿನ ಪತ್ರ ಇಟ್ಟುಕೊಳ್ಳಿ, ಠಾಣೆಗೆ ಮಾಹಿತಿ ಕೊಡಿ; ತೆಲಂಗಾಣ ಪೊಲೀಸರ ಹಾಕ್ ಐ ಆ್ಯಪಿನಲ್ಲಿ ಇದಕ್ಕೆ ಅವಕಾಶವಿದೆ. ಅನುಮಾನ ಬಂದ ಮೇಲೂ ಸುಮ್ಮನೆ ಬಾಡಿಗೆ ಎಣಿಸುತ್ತಿದ್ದರೆ ನನಗೇನೂ ತಿಳಿಯದು ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ನೆರೆಹೊರೆಯವರಿಗೂ ಹಕ್ಕಿದೆ. ಪಕ್ಕದ ‘ವೆಲ್‌ನೆಸ್ ಸೆಂಟರ್’ ಬಗ್ಗೆ ಶಂಕೆಯಿದ್ದರೆ ಅದರ ಟ್ರೇಡ್ ಲೈಸೆನ್ಸ್ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಉತ್ತರಕ್ಕೆ 30 ದಿನ ಗಡುವು. ಜಿಎಚ್‌ಎಂಸಿಯ ಸೋಮವಾರದ ‘ಪ್ರಜಾವಾಣಿ’ ಅಹವಾಲು ಸಭೆಯಲ್ಲಿ ಭೂಬಳಕೆ ಉಲ್ಲಂಘನೆಯ ಅರ್ಜಿ ಕೊಡಬಹುದು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ ಕೇಂದ್ರ ಕಾನೂನು ಇದ್ದೇ ಇದೆ. ಮದ್ಯದಂಗಡಿ ಹೆದ್ದಾರಿಯಿಂದ 500 ಮೀಟರ್ ದೂರವಿರಬೇಕೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಹೇಳಿ, 2017ರಲ್ಲಿ ನಗರಸಭೆಗಳ ವ್ಯಾಪ್ತಿಗೆ ಅದನ್ನು ಸಡಿಲಿಸಿತು. ಅಂತರದ ಈ ನಿಯಮಗಳೆಲ್ಲ ಅನುಮತಿಯಿರುವ ಸರಕಿನವು. ಗಾಂಜಾ ಮಾರುವವನು ಶಾಲೆಯಿಂದ ಎಷ್ಟು ದೂರದಲ್ಲಿದ್ದಾನೆ ಎಂದು ಅಳೆಯುತ್ತ ಕೂರಬೇಡಿ. ತೆಲಂಗಾಣದ ಮಾದಕವಸ್ತು ನಿಗ್ರಹ ಪಡೆ ‘ಈಗಲ್’ನ 1908ಕ್ಕೆ ಅಥವಾ ಕೇಂದ್ರದ ಸಹಾಯವಾಣಿ 1933ಕ್ಕೆ ಕರೆ ಮಾಡಿ.

ಪೊಲೀಸರು ಅಥವಾ ಅಬಕಾರಿಯವರು ಬಾಗಿಲಿಗೆ ಬಂದಾಗಲೂ ಹಕ್ಕುಗಳು ಉಳಿದಿರುತ್ತವೆ. ವಾರಂಟ್ ಇಲ್ಲದೆ ಮನೆ ಹೊಕ್ಕು ಶೋಧಿಸಲು 42ನೇ ಕಲಂ ಬಿಡುವುದು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ರಾತ್ರಿಯಾದರೆ ಕಾರಣ ಬರೆದಿಡಬೇಕು. ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧ ನಡೆಸಿ ಎಂದು ಕೇಳುವ ಹಕ್ಕು 50ನೇ ಕಲಂನಲ್ಲಿದೆ, ಅದನ್ನು ಅವರು ನಿಮಗೆ ತಿಳಿಸಲೇಬೇಕು. ಕೈಚೀಲದ ಶೋಧಕ್ಕೆ ಇದು ಅನ್ವಯಿಸುವುದಿಲ್ಲ. ಹೆಂಗಸರನ್ನು ಹೆಂಗಸರೇ ಶೋಧಿಸಬೇಕು. ಅಧಿಕಾರಿಗಳ ಮುಂದೆ ಬರೆಸಿಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂದು 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ. ಹೈದರಾಬಾದಿನ ಕನ್ನಡಿಗರಿಗೆ ಹೆಚ್ಚು ಉಪಯೋಗದ್ದು 2025ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪು: ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು. ತೆಲುಗು ಓದಲು ಬಾರದಿದ್ದರೆ ಬಾರದೆಂದೇ ಹೇಳಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಚಟಕ್ಕೆ ಬಿದ್ದ ಮಗ ತಾನಾಗಿ ಚಿಕಿತ್ಸೆ ಕೇಳಿದರೆ ಸೇವನೆಯ ಮತ್ತು ಅಲ್ಪ ಪ್ರಮಾಣದ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಇದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ವಿಚಾರಿಸಿ.

ಕೊನೆಯದಾಗಿ ಹೊರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ. ಅಮ್ಮನ ಮಂಡಿನೋವಿಗೆಂದು ಅಮೆರಿಕದಿಂದ ಗಾಂಜಾದ ಗಮ್ಮಿ ತರುವುದು, ಥಾಯ್ಲೆಂಡಿನಿಂದ ಒಂದು ಪೊಟ್ಟಣ ತರುವುದು ಕಾಯ್ದೆಯ 23ನೇ ಕಲಂ ಪ್ರಕಾರ ಆಮದು. ಅಲ್ಲಿಯ ವೈದ್ಯರ ಚೀಟಿಗೆ, ಅಂಗಡಿಯ ರಸೀದಿಗೆ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಬೆಲೆಯಿಲ್ಲ. ಹೀರಾ ಸಿಂಗ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಮಿಶ್ರಣದ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದಿದೆ. ಎಂದರೆ ಗಮ್ಮಿಯೊಳಗಿನ ಸಕ್ಕರೆಯೂ ತೂಕಕ್ಕೆ ಬೀಳಬಹುದು. ಬರುವ ಮಗನಿಗೆ, ಸೊಸೆಗೆ ಫೋನ್ ಮಾಡಿದಾಗ ಇದನ್ನು ಮೊದಲೇ ಹೇಳಿಬಿಡಿ.