ಚಡ್ಡಿಗೆ ಹೆಸರು, ಜೆರ್ಸಿಗೆ ಹೊಲಿಗೆ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ದಿನಾ ಸೈಕಲ್‌ನಲ್ಲಿ ಹೋಗಿಬರುವ ನಿಮಗೆ ಮೊದಲು ಬೇಕಾದದ್ದು ಒಳ್ಳೆಯ ಪ್ಯಾಡ್ ಇರುವ ಚಡ್ಡಿ. ಅದನ್ನು ಹೆಸರಾಂತ ಕಂಪನಿಯದ್ದೇ ಕೊಳ್ಳಿ. ಪ್ಯಾಡಿನ ಗುಣ ಕೈಯಲ್ಲಿ ಒತ್ತಿ ನೋಡಿದರೆ ತಿಳಿಯುವುದಿಲ್ಲ. ತೀರಾ ಮೆತ್ತನೆಯ ಸ್ಪಂಜು ಬೇಗ ಚಪ್ಪಟೆಯಾಗಿ, ತೊಡೆಸಂದು ಉಜ್ಜಿ ಗಾಯವಾಗುತ್ತದೆ. ಅಳತೆ ಸರಿಹೋಗದಿದ್ದರೆ ಬದಲಿಸಿಕೊಡುವ ಅಂಗಡಿಯನ್ನೇ ಹುಡುಕಿ. ಅಂದಹಾಗೆ, ಆ ಚಡ್ಡಿಯೊಳಗೆ ಬೇರೆ ಒಳಉಡುಪು ಬೇಡ.

ಜೆರ್ಸಿಯ ಮಾತು ಬೇರೆ. ನಿಮ್ಮದು ಹತ್ತಿ ಗಿರಣಿಗಳಿಂದ ಹೆಸರಾದ ಊರು, ಹತ್ತಿಯ ಮೇಲೆ ಪ್ರೀತಿ ಸಹಜ. ಆದರೆ ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ತೆಳು ಪಾಲಿಯೆಸ್ಟರ್, ಚಪ್ಪಟೆ ಹೊಲಿಗೆ, ಜೋತುಬೀಳದ ಬೆನ್ನುಜೇಬು ಇದ್ದರೆ ಸಣ್ಣ ತಯಾರಕರ ಜೆರ್ಸಿ ಧಾರಾಳವಾಗಿ ಸಾಕು. ಎದೆ, ಸೊಂಟದ ಅಳತೆ ಕೊಟ್ಟು ಮೊದಲು ಒಂದೇ ತರಿಸಿ. ನಾಲ್ಕಾರು ಒಗೆತ ತಾಳಿದರೆ ಎರಡನೆಯದನ್ನೂ ಅವರಲ್ಲೇ ಕೊಳ್ಳಿ.